ಕೆನಾಲಿನ ದಂಡೆಯ ದಾರಿ

ಕೊಣ್ಣೂರ
ನವೆಂಬರ್ ೨೦೦೪

ಪೂಜ್ಯ ಮಾತಾಜಿಯವರ ಚರಣಗಳಿಗೆ ವಂದಾಮಿ.

ದೀಕ್ಷೆ ತೆಗೆದುಕೊಂಡ ಮೇಲೆ ನಿಮ್ಮನ್ನು ಅಕ್ಕ ಎಂದು ಕರೆಯಬಾರದು ಅಂತ ಅವ್ವ ಹೇಳಿದ್ದಾಳೆ. ಅದಕ್ಕೇ ಹೀಗೆ ಬರೆದೆ.

ನಾವಿಬ್ಬರೂ ಟೀವಿಗೆ ಹಚ್ಚಿ ಆಡುತ್ತಿದ್ದ ಕಾರ್ ರೇಸಿನ ವಿಡಿಯೋ ಗೇಮ್ ಮಾಡಿದ್ದ ಜಪಾನಿ ಕಂಪನಿ ಮುಚ್ಚಿಹೋಯಿತಂತೆ. ಗೋಕಾಕದ ಇಂಟರ್ನೆಟ್ ಅಂಗಡಿಯಲ್ಲಿ ಓದಿದೆ. ಮೊದಲು ಬೇರೆ ಕಂಪನಿಗಳಿಗೆ ಆಟ ಮಾಡಿಕೊಡುತ್ತಿದ್ದರಂತೆ, ಆಮೇಲೆ ಆಟಗಳ ಮೇಲೆ ತಮ್ಮದೇ ಹೆಸರು ಹಾಕಿಕೊಂಡರು. ಕೊನೆಯವರೆಗೂ ರೇಸು ಬಿಟ್ಟು ಬೇರೇನೂ ಮಾಡಲಿಲ್ಲ. ಇದು ನಿಮಗೀಗ ಬೇಡದ ಸುದ್ದಿ, ಗೊತ್ತು. ಆದರೆ ಬೇರೆ ಯಾರಿಗೆ ಹೇಳಲಿ?

ಚಾತುರ್ಮಾಸ ಮುಗಿಸಿ ಅಂಕಲಗಿಯಿಂದ ನಮ್ಮೂರಿಗೆ ಬರುತ್ತೀರೆಂದು ಬಸದಿಯಲ್ಲಿ ಹೇಳಿದರು. ಅಪ್ಪ ಖುಷಿಯಲ್ಲಿ ಜೀಪು ಕಳಿಸಲು ಹೊರಟೇಬಿಟ್ಟರು. "ಅಕಿ ಇನ್ನ ಗಾಡಿ ಹತ್ತಾಂಗಿಲ್ರಿ, ಮರತ್ರೇನ?" ಎಂದಳು ಅವ್ವ. ಮರುಕ್ಷಣವೇ "ಅಕಿ ಅಲ್ಲ, ಅವರು" ಎಂದು ತಾನೇ ತಿದ್ದಿಕೊಂಡು ಒಳಗೆ ಹೋದಳು.

ಒಂದು ವಿನಂತಿ. ಡಾಂಬರು ರಸ್ತೆಯ ತುಂಬ ಈಗ ಕಬ್ಬಿನ ಟ್ರ್ಯಾಕ್ಟರುಗಳು. ಕೆನಾಲಿನ ದಂಡೆಯ ಮಣ್ಣಿನ ದಾರಿಯಲ್ಲೇ ಬನ್ನಿ. ಬರಿಗಾಲಿಗೆ ಅದು ಮೆತ್ತಗಿದೆ. ನಿನ್ನೆ ಚಪ್ಪಲಿ ಬಿಟ್ಟು ನಡೆದು ನೋಡಿದ್ದೇನೆ. ಬಿದ್ದಿದ್ದ ಜಾಲಿಮುಳ್ಳನ್ನೆಲ್ಲ ಆರಿಸಿ ಹಾಕಿದ್ದೇನೆ.

ಅಂಕಲಗಿಯಿಂದ ನಾನೂ ಜೊತೆಗೆ ನಡೆಯುತ್ತೇನೆ. "ಮಾತಾಜಿಯವರನ್ನ ದಾಟಿ ಮುಂದ ಹೋಗಬ್ಯಾಡ" ಎಂದು ಅವ್ವ ಈಗಲೇ ತಾಕೀತು ಮಾಡಿದ್ದಾಳೆ. ಅದನ್ನು ನನಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಆಟದಲ್ಲಿ ಒಂದು ಸಲವಾದರೂ ನಿನ್ನನ್ನು ದಾಟಿದ್ದೇನೆಯೇ, ಅಕ್ಕಾ?

ನಿಮ್ಮ ಹಿಂದೆ ಬರುವ,
ಅರಿಹಂತ