ಕೆಂದಿಯ ಹಾಲು ಮತ್ತು ಕೆರೆ

ತೋಟದ ಮನೆ, ಹಾಲ್ಕುರಿಕೆ ಹತ್ತಿರ
ಫೆಬ್ರವರಿ ೧೧, ಮಂಗಳವಾರ

ನಯನ,

ಕೆರೆಯೂ ಔಷಧಿ ನುಂಗುತ್ತಿದೆ ಎಂದೋ, ನುಂಗಿ ಅರಗಿಸಿಕೊಂಡಿದೆ ಎಂದೋ, ಆ ದಿನ ಏರಿಯ ಮೇಲೆ ನೀನು ಏನೋ ಅಂದೆ. ಪೂರ್ತಿ ನೆನಪಿಲ್ಲ. ನಿನ್ನ ಕಾಲೇಜಿನ ಹುಡುಗಿಯರು ಬಾಟಲಿಗಳಿಗೆ ನೀರು ತುಂಬುತ್ತಿದ್ದರು. ಹಿಂದಿನ ಸಲ ಒಯ್ದ ನೀರಿನಲ್ಲಿ ಮೂರು ಬಗೆಯ ಆಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ಸಿಕ್ಕಿವೆ, ಕೋಡಿ ಬಿದ್ದರೆ ಅವು ಕೆಳಗಿನ ಕೆರೆಗೂ ಹೋಗುತ್ತವೆ ಎಂದೆ ನೀನು. ಯಾರಾದರೂ ಕೆರೆಗೆ ಔಷಧಿ ಹಾಕುತ್ತೀರಾ ಎಂದು ಕೇಳಿದೆ. ಅಲ್ಲಿ ಸೇರಿದ್ದ ಊರವರೆಲ್ಲ ಇಲ್ಲ ಅಂದರು. ನೀನು ನನ್ನ ಕಡೆ ನೋಡಿದೆ. ನಾನು ನೀರಿನ ಕಡೆ ನೋಡಿದೆ.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಕೆರೆಗೆ ಬಿಡುವುದು ಹಾಲನ್ನು. ಹಸುವಿಗೆ ಕೆಚ್ಚಲು ಬಾವು ಬಂದು ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟರೆ ಔಷಧಿ ಹಾಲಿಗೂ ಇಳಿಯುತ್ತದೆ, ಕೆಲವು ದಿನ ಆ ಹಾಲನ್ನು ಡೇರಿಗೆ ಹಾಕುವಂತಿಲ್ಲ. ತುಳಿದಾಡುವ ನೆಲಕ್ಕೆ ಹಾಲು ಚೆಲ್ಲುವುದಕ್ಕೆ ಯಾರಿಗೂ ಮನಸ್ಸು ಬಾರದು. ಹಾಗಾಗಿ ಕೆರೆಯ ಗಂಗಮ್ಮನಿಗೆ. ಕಳೆದ ವರ್ಷ ನಮ್ಮ ಕೆಂದಿಗೆ ಮೂರು ಸಲ ಬಾವು ಬಂತು. ಅಮ್ಮ ಮೂರು ಸಲವೂ ಹಾಲನ್ನು ಕೆರೆಗೆ ಬಿಡಿಸಿದಳು. ಹುಷಾರಾದ ಮೇಲೆ ಉಳಿದ ಮಾತ್ರೆಗಳೂ ಅಲ್ಲಿಗೇ. ಔಷಧಿಯನ್ನೂ ತುಳಿಯಬಾರದಂತೆ. ಜನರ ಮುಂದೆ ಅಮ್ಮನ ಹೆಸರು ಬರುವುದು ಬೇಡ ಎಂದು ನಾನು ಸುಮ್ಮನಿದ್ದೆ.

ಈಗ ಅಮ್ಮನ ವಿಷಯ. ಸಂಕ್ರಾಂತಿಗೆ ಮುಂಚೆ ಕೊಬ್ಬರಿ ಒಡೆಯುವಲ್ಲಿ ಚಿಪ್ಪಿನ ಚೂರು ತುಳಿದಳು. ಗಾಯ ಸಣ್ಣದು, ಎರಡು ಸಲ ಮಾತ್ರೆ ಬದಲಾಯಿಸಿದರೂ ಕಾಲು ಊದುತ್ತಲೇ ಹೋಯಿತು. ತಿಪಟೂರಿನ ಆಸ್ಪತ್ರೆಯಲ್ಲಿ ಕೀವನ್ನು ಪರೀಕ್ಷೆಗೆ ಕಳಿಸಿದರು. ಮೊದಲಿನ ಎರಡು ಔಷಧಿಯೂ ಈ ಬ್ಯಾಕ್ಟೀರಿಯಾಕ್ಕೆ ಲೆಕ್ಕಕ್ಕಿಲ್ಲ ಎಂದು ಗೊತ್ತಾಗಿ, ಹತ್ತು ದಿನ ಬೇರೆ ಇಂಜೆಕ್ಷನ್ ಆಯಿತು. ಅದು ಕೆರೆಯಿಂದಲೇ ಬಂತೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅಮ್ಮ ಮಾತ್ರ ವಾರ್ಡಿಗೆಲ್ಲ ಸಾರಿದಳು: "ನನ್ ಕಾಲಲ್ಲಿರೋವು ಓದ್ಕಂಡಿರೋ ಹುಳ ಕಣಪ್ಪ, ಮಾತ್ರೆ ಹೆಸ್ರೆಲ್ಲ ಬಾಯಿಪಾಠ ಅವಕ್ಕೆ."

ಈಗ ನಡೆಯುತ್ತಾಳೆ. ಬೈಯುತ್ತಾಳೆ ಕೂಡ.

ಆಸ್ಪತ್ರೆಯಿಂದ ಬಂದ ಮೇಲೆ ಹಾಲಿನ ಜೊತೆ ಔಷಧಿಯೂ ಕೆರೆಗೆ ಹೋಗುವ ವಿಷಯ ಅವಳಿಗೆ ಹೇಳಿದೆ. ಮರುದಿನ ಕೆರೆಗೆ ದೂರವಾಗಿ, ತೋಟದ ಮೇಲಿನ ಮೂಲೆಯಲ್ಲಿ ಆ ಹಾಲಿಗೆಂದು ಗುಂಡಿ ತೋಡಿಸಿದಳು. ಯಾರೂ ತುಳಿಯದ ಹಾಗೆ ಸುತ್ತ ತೆಂಗಿನ ಗರಿಯ ಬೇಲಿ ಕಟ್ಟಿಸಿ, ಒಂದು ಕಲ್ಲಿಗೆ ಅರಿಶಿನ ಬಳಿದಳು. ಪಕ್ಕದ ತೋಟದ ಹೊಂಬಾಳಮ್ಮ ಬಂದು, ಗಂಗಮ್ಮನಿಗೆ ಹಾಲು ನಿಲ್ಲಿಸಿದರೆ ಮುಂದಿನ ಮಳೆಗೆ ಕೆರೆ ತುಂಬುತ್ತದೆಯೇ ಎಂದು ಜಗಳ ತೆಗೆದರು. ಅದಕ್ಕೆ ಅಮ್ಮ, "ಅವ್ಳಿಗೂ ಡಾಕ್ಟ್ರು ಪಥ್ಯ ಹೇಳವ್ರೆ ಕಣೇ, ಸುಮ್ಕಿರು" ಅಂದಳು. ಹೊಂಬಾಳಮ್ಮ, ಎಷ್ಟು ದಿನದ ಪಥ್ಯ ಎಂದು ಕೇಳಿದರು. ನಿನ್ನೆ ಅವರ ಹಸುವಿನ ಹಾಲೂ ಗುಂಡಿಗೇ ಬಂತು.

ಗುಂಡಿ ಸಾಕೋ, ಸುಣ್ಣ ಹಾಕಬೇಕೋ, ಉಳಿದ ಮಾತ್ರೆಗಳನ್ನು ಎಲ್ಲಿಗೆ ಕೊಡಬೇಕೋ ನಿನ್ನನ್ನು ಕೇಳಿ ಕಾಗದ ಬರೆಯಬೇಕಂತೆ. ಅಮ್ಮನ ಅಪ್ಪಣೆ. ಫೋನ್ ಮಾಡಬಹುದಿತ್ತು, ಫೋನಿನಲ್ಲಿ ನಾನು ಎಷ್ಟು ಮಾತಾಡುತ್ತೇನೆಂದು ನಿನಗೆ ಗೊತ್ತು. ನನ್ನ ಮೌನದ ಜೊತೆ ಸಂಸಾರ ಮಾಡಲಾರೆ ಎಂದು ನೀನು ತುಮಕೂರಿಗೆ ಹೋಗಿ ನಾಲ್ಕು ವರ್ಷವಾಯಿತು. ಅದು ತಪ್ಪೆಂದು ವಾದಿಸಲು ನನ್ನ ಬಳಿ ಮಾತೂ ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ, ಕೆಂದಿಯೂ ಸೇರಿ.

ಶಿವಮೂರ್ತಿ

ಮರೆತದ್ದು: ಮರೆಯಲಿಲ್ಲ, ಕೆಳಗೆ ಬರೆಯೋಣ ಎಂದು ಬಿಟ್ಟಿದ್ದೆ. ಮೂರು ಸಲವೂ ತಪ್ಪಲೆ ಹೊತ್ತುಕೊಂಡು ಹೋಗಿ ಹಾಲು ಸುರಿದವನು ನಾನು. ಆ ಹಾಲು ಕೆರೆಗೆ ಏನು ಮಾಡುತ್ತದೆಂದು ಅಮ್ಮನಿಗೆ ಗೊತ್ತಿರಲಿಲ್ಲ, ಹನ್ನೆರಡು ವರ್ಷ ನಿನ್ನ ಜೊತೆ ಇದ್ದ ನನಗೆ ಗೊತ್ತಿತ್ತು. ಬೇಡ ಎಂದು ಅವಳಿಗೆ ಹೇಳುವುದಕ್ಕಿಂತ ಹೊರುವುದು ಸುಲಭವಾಗಿತ್ತು. ಏರಿಯ ಮೇಲೆ ನಾನು ಕಾಪಾಡಿಕೊಂಡದ್ದು ಅಮ್ಮನನ್ನಲ್ಲ. ಭಾನುವಾರ ಬೆಳಿಗ್ಗೆ ಡೇರಿಯ ಮುಂದೆ, ಹಾಲು ಹಾಕಲು ಬಂದವರಿಗೆಲ್ಲ ಇದನ್ನು ಹೇಳುತ್ತೇನೆಂದು ಅಮ್ಮನೆದುರು ಒಪ್ಪಿಕೊಂಡಿದ್ದೇನೆ. ಹೇಳುವಾಗ ನಾನು ಯಾರ ಕಡೆ ನೋಡಲಿ, ನಯನ?