ಬೈಸಿಕೊಳ್ಳುವ ಕೆಲಸ

ಮಾರ್ಚ್ ೧೨, ಗುರುವಾರ
ಕನ್ನಡಕದ ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಈ ಪತ್ರ ತಡವಾಯಿತು. ‘ಕ್ಷಮಿಸು’ ಎಂದು ಬರೆದು ಹೊಡೆದುಹಾಕಿದೆ. ಮೇಲೆ ಕಾಣುವ ಗೀಟು ಅದೇ. ನನ್ನ ಬಾಯಿಂದ ಆ ಮಾತು ಇನ್ನು ಬೇಡ ಎಂದವಳು ನೀನು. ಅದಿಲ್ಲದೆ ಮೊದಲ ಸಾಲು ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು.

ಮನೆಯಲ್ಲಿ ಎಲ್ಲ ಹಾಗೆಯೇ ಇದೆ. ನಿನ್ನ ಕೋಣೆಯ ಕಿಟಕಿಯ ಚಿಲಕವನ್ನು ಅಪ್ಪ ಸರಿಮಾಡಿದರು. ಈಗ ಅವರು ಯಾರ ಮೇಲೂ ದನಿ ಎತ್ತುವುದಿಲ್ಲ. ಮೊನ್ನೆ ಟೀ ಕುಡಿಯುತ್ತಾ, “ಯಾಕಂತೆ ಅವಳು ಫೋನ್ ಎತ್ತಲ್ಲ? ನಾನೇನ್ ಮಾಡಿದೀನಿ ಅವಳಿಗೆ?” ಎಂದು ಕೇಳಿದರು. ನಾಟಕವಲ್ಲ ಗುಬ್ಬಿ, ಅವರಿಗೆ ನಿಜವಾಗಿಯೂ ನೆನಪಿಲ್ಲ. “ಕೆಲಸ ಜಾಸ್ತಿಯಂತೆ” ಎಂದೆ.

ನೀನು ಮನೆ ಬಿಟ್ಟ ದಿನ ಕೇಳಿದ್ದು ಕಿವಿಯಿಂದ ಹೋಗಿಲ್ಲ. “ಅವತ್ತು ಅಪ್ಪ ಬೆಲ್ಟ್ ತಗೊಂಡಾಗ ನೀನು ಪಕ್ಕದ ರೂಮಲ್ಲೇ ಇದ್ದೆ. ಯಾಕೆ ಬರ್ಲಿಲ್ಲ?” ನಾನು ತಲೆ ತಗ್ಗಿಸಿ, “ಸಾರಿ ಕಂದಾ, ಎಲ್ಲಾ ನಂದೇ ತಪ್ಪು” ಎಂದೆ. ನೀನು, “ಯಾವ ತಪ್ಪು? ಏನು ಅಂತ ಬಾಯಿ ಬಿಟ್ಟು ಹೇಳು. ಅಂಗಡಿ ಮುಖ ಹಾಕ್ಕೊಂಡು ನನ್ನ ಹತ್ರ ಮಾತಾಡ್ಬೇಡಮ್ಮ” ಎಂದು ಚೀಲ ಎತ್ತಿಕೊಂಡೆ.

ಆ ಮುಖವನ್ನು ದಿನಾ ಸಂಜೆ ಶಾಲೆ ಬಿಟ್ಟಮೇಲೆ ಇಲ್ಲಿ ಸ್ಟೂಲಿನ ಮೇಲೆ ಕೂತು ಎಷ್ಟೋ ಸಲ ನೋಡಿದವಳು ನೀನು. ಯಾರಾದರೂ ಕನ್ನಡಕ ಸರಿಯಿಲ್ಲವೆಂದು ಜಗಳಕ್ಕೆ ಬಂದರೆ ಅಂಗಡಿ ಯಜಮಾನರು ಅವರೆದುರಿಗೇ ನನ್ನನ್ನು ಬೈಯುತ್ತಾರೆ. ನಾನು ತಪ್ಪೊಪ್ಪಿಕೊಂಡು, ಕನ್ನಡಕವನ್ನು ಒಳಗೆ ತಂದು ಒರೆಸಿ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಕೊಡುತ್ತೇನೆ. “ಹಾಂ, ಈಗ ನೋಡಿ, ಸರಿಯಾಯ್ತು!” ಎಂದು ಖುಷಿಯಾಗಿ ಹೋಗುತ್ತಾರೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಕಲಿತ ‘ಸಾರಿ’ ಕೊನೆಗೆ ಇಲ್ಲಿ ಉಪಯೋಗಕ್ಕೆ ಬಂತು.

ಕಳೆದ ವಾರ ಒಬ್ಬರು ನಿವೃತ್ತ ಮೇಷ್ಟ್ರು ಬಂದರು. ಹೊಸ ಬೈಫೋಕಲ್ ಹಾಕಿಕೊಂಡರೆ ಮೆಟ್ಟಿಲು ಎದ್ದು ಬಂದ ಹಾಗೆ ಕಾಣುತ್ತದಂತೆ. ಯಜಮಾನರು ಶುರುಮಾಡಿದರು: “ಎಷ್ಟು ಸಲ ಹೇಳೋದಮ್ಮ? ಗಮನ ಎಲ್ಲಿರತ್ತೆ ನಿಂಗೆ?” ನಿನ್ನನ್ನು ನೆನೆದು ಹೇಳಿಯೇಬಿಟ್ಟೆ: “ನಾನೇನೂ ತಪ್ಪು ಮಾಡಿಲ್ಲ ಸರ್. ಕನ್ನಡಕ ಸರಿಯಾಗೇ ಇದೆ. ಮೆಟ್ಟಿಲು ಇಳಿಯುವಾಗ ಇವರು ಇನ್ನೂ ಸ್ವಲ್ಪ ತಲೆ ಬಗ್ಗಿಸಬೇಕು, ಅಷ್ಟೇ.”

“ನಂಗೇ ಪಾಠ ಹೇಳ್ತಾಳೆ!” ಎಂದು ಮೇಷ್ಟ್ರು ಕನ್ನಡಕವನ್ನು ಮೇಜಿನ ಮೇಲೆ ಕುಕ್ಕಿ ಹೊರಟೇಹೋದರು. ಯಜಮಾನರಿಗೆ ಸಿಟ್ಟೂ ಬರಲಿಲ್ಲ. “ಏನಾಯ್ತಮ್ಮ, ಹುಷಾರಿಲ್ವಾ?” ಎಂದರು.

ಈಗ ಬೈಸಿಕೊಳ್ಳುವ ಕೆಲಸ ಫ್ರೇಮ್ ರಿಪೇರಿ ಮಾಡುವ ನಿನ್ನ ಸ್ಕ್ರೂ ಮಾಮನದು. “ಅಕ್ಕಾ, ನಿಮ್ಮಷ್ಟು ಚೆನ್ನಾಗಿ ಬೈಸ್ಕೊಳ್ಳೋಕೆ ನಂಗೆ ಬರಲ್ಲ. ನಗು ಬಂದ್ಬಿಡತ್ತೆ” ಎನ್ನುತ್ತಾನೆ. ನನ್ನನ್ನು ಲೆನ್ಸ್ ಕೂರಿಸಲು ಹಿಂದಿನ ಕೋಣೆಗೆ ಹಾಕಿದ್ದಾರೆ.

ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಮೇಷ್ಟ್ರ ಎದುರು ‘ನನ್ನ ತಪ್ಪಲ್ಲ’ ಎನ್ನುವುದು ಸುಲಭವಿತ್ತು, ಏಕೆಂದರೆ ಅದು ನನ್ನದಾಗಿರಲಿಲ್ಲ. ಮಾಡದ ತಪ್ಪುಗಳನ್ನೆಲ್ಲ ಒಪ್ಪಿಕೊಳ್ಳುತ್ತಾ, ಮಾಡಿದ ಒಂದನ್ನು ಅವುಗಳ ನಡುವೆ ಬಚ್ಚಿಟ್ಟುಕೊಂಡಿದ್ದೆನೇನೋ. ಈ ಕೋಣೆಯಲ್ಲಿ ಒಬ್ಬಳೇ ಕೂತಮೇಲೆ ಹಾಗನ್ನಿಸುತ್ತಿದೆ. ಅನ್ನಿಸಿ ಏನು ಬಂತು, ನೀನಂತೂ ಇಲ್ಲಿಲ್ಲ.

ಇದನ್ನು ಓದಿ ನೀನು ಬರುತ್ತೀಯೆಂಬ ಆಸೆ ಇಟ್ಟುಕೊಂಡಿಲ್ಲ. ಬಾ ಎಂದು ಕರೆಯಲು ನನಗೆ ಮುಖವೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಸಿಟ್ಟಿಗೂ ಅಂಜದೆ ನೂರು ಕಾಲ ಬಾಳು.

ನಿನ್ನ
ಅಮ್ಮ

ತಾ. ಕ.: ಏನು ತಪ್ಪು ಅಂತ ಹೇಳು ಎಂದೆಯಲ್ಲ. ಹೆದರಿ ಬರಲಿಲ್ಲ ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಹೆದರಿಕೆಯೂ ಇತ್ತು, ಆದರೆ ಅದಲ್ಲ. ನೀನು ಕೂಗಿಕೊಂಡಾಗ ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಸದ್ಯ, ಇವತ್ತು ಆ ಬೆಲ್ಟ್ ನನ್ನ ಮೇಲೆ ಬರುವುದಿಲ್ಲ ಎಂದುಕೊಂಡೆ. ಸಮಾಧಾನವಾಯಿತು, ಗುಬ್ಬಿ. ಉಳಿದ ಬಟ್ಟೆಯನ್ನೂ ಮಡಿಸಿ ಮುಗಿಸಿದೆ.