ಸವೆದದ್ದಲ್ಲ, ಸವರಿದ್ದು

ಗುಂಡ್ಲುಪೇಟೆ
೯–೧೧–೧೯೫೪

ಪ್ರೀತಿಯ ತಮ್ಮ ಬೀರನಿಗೆ,

ಹೇಗಿದ್ದೀಯಪ್ಪ? ಕಾರ್ಖಾನೆಯ ಹೊಗೆಗೆ ಕೆಮ್ಮು ಹತ್ತಿದೆ ಎಂದು ಬರೆದಿದ್ದೆ. ಭದ್ರಾವತಿಯಲ್ಲಿ ಒಳ್ಳೆಯ ಹಿಪ್ಪಲಿ ಸಿಗದಿದ್ದರೆ ತಿಳಿಸು, ಕಳಿಸುತ್ತೇನೆ. ನಾನು ಕಟ್ಟಿದ ತಾಯಿತ ಇನ್ನೂ ನಿನ್ನ ತೋಳಿನಲ್ಲೇ ಇದೆ ಎಂಬ ಸಾಲನ್ನು ಅವ್ವನಿಗೆ ಎರಡು ಸಲ ಓದಿ ಹೇಳಬೇಕಾಯಿತು. ಅವ್ವನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕು. ಅಪ್ಪನ ಕಣ್ಣು ಇನ್ನಷ್ಟು ಮಂಜಾಗಿದೆ. ನನ್ನನ್ನು ಈಗ ಕಾಲಿನ ಸಪ್ಪಳದಿಂದಲೇ ಗುರುತು ಹಿಡಿಯುತ್ತಾರೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದರೆ ಸಿಟ್ಟಾಗಬೇಡ. ಕ್ರಮವಾಗಿ ಬರೆಯದಿದ್ದರೆ ನನಗೇ ಧೈರ್ಯ ಸಾಲದು. ಊಟಿಯ ಮೀನುಗಾಳದ ಸಂಘದಲ್ಲಿ ಅಪ್ಪ ಇಪ್ಪತ್ತಾರು ವರ್ಷ ಗಾಳದ ಕೋಲು, ಹುರಿಗಳನ್ನು ನೋಡಿಕೊಂಡರು. ದೊರೆಗಳಿಗೆ ಹುರಿ ಬೀಸುವುದನ್ನು ಕಲಿಸಿದರು. ನಾನು ಅಲ್ಲಿನ ಕಾನ್ವೆಂಟಿನಲ್ಲಿ ಇಂಗ್ಲಿಷ್ ಓದಿದ್ದೂ ಆ ಕೆಲಸದ ದೆಸೆಯಿಂದಲೇ. ಕಣ್ಣು ಮಂಜಾದ ಮೇಲೆ ಆ ಜಾಗಕ್ಕೆ ನೀನು ಬರಬೇಕೆಂಬುದು ಅವರ ಆಸೆ. ಎರಡು ವರ್ಷದ ಹಿಂದೆ ನಡೆದ ಪರೀಕ್ಷೆಯಲ್ಲಿ, ಸಂಘದವರೆಲ್ಲ ಕೆರೆಯ ದಡದಲ್ಲಿ ನಿಂತು ನೋಡುತ್ತಿದ್ದಾಗ, ನೀನು ಬೀಸಿದ ಹುರಿ ಧೊಪ್ಪನೆ ನೀರಿಗೆ ಬಿತ್ತು. ಅದರ ಮುಂದಿನ ನೈಲಾನ್ ಎಳೆ, ಮೀನನ್ನು ಮರುಳು ಮಾಡಲು ಅದಕ್ಕೆ ಕಟ್ಟಿದ ಗರಿಯ ನೊಣ, ಎಲ್ಲ ಮುದುರಿ ಗುಪ್ಪೆಯಾಯಿತು. ಮೂರು ಸಲವೂ ಹಾಗೇ. "ಹುರಿ ಸರಿಯಿಲ್ಲ ಕಣಪ್ಪ" ಎಂದೆ ನೀನು. ಅಪ್ಪ ಅಷ್ಟು ಜನರೆದುರು, "ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ. ನಿನ್ ತೋಳಲ್ಲಿ ಕಸುವಿಲ್ಲ ಬುಡ್ಲಾ" ಎಂದುಬಿಟ್ಟರು. ಆ ವಾರವೇ ನೀನು ಭದ್ರಾವತಿಯ ರೈಲು ಹತ್ತಿದೆ. ಆಮೇಲೆ ಈ ಹೊಸಿಲು ತುಳಿದಿಲ್ಲ.

ಬೀರ, ನಿನ್ನ ತೋಳಿನಲ್ಲಿ ಕಸುವಿತ್ತು. ಅದು ನನಗೆ ಗೊತ್ತಾದದ್ದು ಬೇಗೂರಿನಲ್ಲಿ, ಚಾಟಿ ಮಾಡುವ ಮುದ್ದಯ್ಯನ ಜಗಲಿಯ ಮೇಲೆ. ನಮ್ಮ ಗಾಡಿಯ ಚಾಟಿಯ ತುದಿ ತೀರ ಸಣ್ಣಗಾಗಿದೆ, ಅದನ್ನು ಕತ್ತರಿಸಿ ಕೊನೆಯವರೆಗೂ ಒಂದೇ ದಪ್ಪ ಮಾಡಿಕೊಡು, ಹೆಚ್ಚು ದಿನ ಬಾಳುತ್ತದೆ ಎಂದೆ. ಅವನು ಬಿದ್ದು ಬಿದ್ದು ನಕ್ಕ. "ಅಲ್ಲ ಮೇಷ್ಟ್ರಮ್ಮಾರೇ, ಇಷ್ಟೊಂದ್ ಓದ್ಬುಟ್ಟು ಇಂಗಂದೀರಾ? ತುದಿ ಕತ್ರಿಸ್ಬುಟ್ರೆ ಅದು ಚಾಟಿ ಅಲ್ಲ ಕಣವ್ವ, ದನ ಕಟ್ಟೋ ಅಗ್ಗ. ಅದು ಸವ್ದಿರದಲ್ಲ, ನಾನೇ ಸವರಿರದು" ಎಂದ. ಎದ್ದು ನಿಂತು, ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸಿದ. ಚಟೀರ್ ಎಂದಿತು. "ಕೈ ಕೊಟ್ಟಿದ್ನ ದಪ್ಪ ಸಣ್ಣುಕ್ಕೆ ಕೊಡ್ತದೆ, ಸಣ್ಣುದ್ದು ಇನ್ನೂ ಸಣ್ಣುಕ್ಕೆ ಕೊಡ್ತದೆ. ಒರೋ ಬಾರ ಕಮ್ಮಿ ಆಯ್ತಾ ಓದಂಗೆ ಓಟ ಜಾಸ್ತಿ ಆಯ್ತದೆ. ಮದ್ಯದಲ್ಲಿ ತಟುಕ್ನೆ ಕತ್ರಿಸುದ್ರೆ ಕೊಡೋಕೆ ಯಾರವ್ರೆ?"

ಅಲ್ಲಿಂದ ಮನೆಗೆ ಬಂದವಳೇ ಅಟ್ಟದಿಂದ ಅಪ್ಪನ ಗಾಳದ ಹುರಿ ಸುತ್ತಿದ ರಾಟೆ ಇಳಿಸಿದೆ. ಅಂದು ನೀನು ಬೀಸಿದ ಆ ರೇಷ್ಮೆ ಹುರಿಯ ಹೊರತುದಿ ಮೊಂಡಾಗಿತ್ತು. ಪರೀಕ್ಷೆಯ ಹಿಂದಿನ ದಿನ ಅದರ ಮೂರು ಗಜ ಕತ್ತರಿಸಲ್ಪಟ್ಟಿತ್ತು. ಉಳಿದ ಇಪ್ಪತ್ತೇಳು ಗಜವನ್ನೂ ಅಂಗಳದಲ್ಲಿ ಬಿಚ್ಚಿ, ರಾಟೆಯ ಹೊಟ್ಟೆಯಲ್ಲಿದ್ದ ಒಳತುದಿಯನ್ನು ಹೊರಗೆಳೆದೆ. ನೀರನ್ನೇ ಕಾಣದ ಆ ತುದಿಯೂ ಗಜ ಗಜಕ್ಕೆ ಸಣ್ಣಗಾಗುತ್ತಾ ಬಂದಿತ್ತು. ಬಳಸದೇ ಇದ್ದದ್ದು ಸವೆಯುವುದು ಹೇಗೆ? ಕೋಲಿನ ಬುಡದ ದಪ್ಪ ಅದರ ತುದಿಯಲ್ಲಿ ಸಣ್ಣಗಾಗಿ, ಹುರಿಯ ದಪ್ಪ ನೈಲಾನ್ ಎಳೆಯಲ್ಲಿ ಸಣ್ಣಗಾಗಿ, ಕೈಯ ಬಲವನ್ನು ಒಂದರಿಂದ ಇನ್ನೊಂದು ಇಸಿದುಕೊಳ್ಳಬೇಕು. ನಿನ್ನ ಬಲವೆಲ್ಲ ಆ ಮೊಂಡು ತುದಿಯವರೆಗೆ ಬಂದು, ಮುಂದೆ ದಾರಿಯಿಲ್ಲದೆ ಧೊಪ್ಪನೆ ಬಿತ್ತು.

ಹುರಿಯನ್ನು ತಿರುವುಮುರುವಾಗಿ ಸುತ್ತಿ, ಒಳತುದಿಯನ್ನು ಮುಂದೆ ಮಾಡಿ, ಭಾನುವಾರ ಶಾಲೆಯ ಮೈದಾನಕ್ಕೆ ಹೋಗಿ ನಾನೇ ಬೀಸಿದೆ. ನಲವತ್ತಮೂರು ವರ್ಷದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಹುಲ್ಲಿನ ಮೇಲೆ ಗಾಳ ಬೀಸುವುದನ್ನು ನೋಡಿ ಆಯಾ ಸಣ್ಣಮ್ಮ, "ಏನವ್ವಾ, ಓತಿಕ್ಯಾತ ಇಡಿತಿದ್ದೀರಾ?" ಎಂದಳು. ನಗಲಿ. ಹನ್ನೊಂದನೆಯ ಸಲಕ್ಕೆ ಹುರಿ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತಾ ಹೋಗಿ, ನೊಣ ಎಲ್ಲಕ್ಕಿಂತ ಕೊನೆಗೆ, ಸದ್ದಿಲ್ಲದೆ ಇಳಿಯಿತು. ನನ್ನಂಥ ತೋಳಿಗೇ ಹಾಗಾದರೆ!

ಸಂಜೆ ಆ ತುದಿಯನ್ನು ಅಪ್ಪನ ಹೆಬ್ಬೆರಳ ಕೆಳಗೆ ಇಟ್ಟೆ. ಆಮೇಲೆ ಮೊಂಡು ತುದಿಯನ್ನು. ಎರಡನ್ನೂ ಮತ್ತೊಮ್ಮೆ ಕೇಳಿ ಪಡೆದು ತಡವಿ ನೋಡಿದರು. ಆಮೇಲೆ, "ನೆಲ ಡೊಂಕಾಗೇ ಇತ್ತು ಕಣಮ್ಮಿ" ಎಂದರು.

ನಿನ್ನ ಬದಲು ಆ ಕೆಲಸಕ್ಕೆ ಸೇರಿದವನು ಸಂಘ ಬಿಟ್ಟಿದ್ದಾನೆ. ಡಿಸೆಂಬರ್ ಹನ್ನೆರಡಕ್ಕೆ ಮತ್ತೆ ಪರೀಕ್ಷೆ. ನನ್ನ ತಮ್ಮ ಬರುತ್ತಾನೆ ಎಂದು ಕಾರ್ಯದರ್ಶಿಗೆ ಬರೆದಾಗಿದೆ. ನಿನ್ನನ್ನು ಕೇಳದೆ ಬರೆದದ್ದು ಸರಿಯೇ ಎಂದು ನಾಲ್ಕು ದಿನ ಯೋಚಿಸಿದೆ. ಸರಿಯೆಂದು ಈಗಲೂ ಹೇಳಲಾರೆ. ಆದರೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ವಾರ ಮೊದಲೇ ಬಾ, ಕೈ ಪಳಗಲಿ.

ಅವ್ವ, ಅಪ್ಪ ಇಬ್ಬರ ಹರಕೆಯೂ ನಿನ್ನ ಮೇಲಿದೆ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅಕ್ಕ,
ಪುಟ್ಟಸಿದ್ದಮ್ಮ

ಮರೆತಿದ್ದೆ — ಇಲ್ಲ, ಮರೆತಿರಲಿಲ್ಲ. ಮೇಲೆ 'ಕತ್ತರಿಸಲ್ಪಟ್ಟಿತ್ತು' ಎಂದು ಬರೆದಿದ್ದೇನೆ. ಕರ್ಮಣಿ ಪ್ರಯೋಗ; ಮಾಡಿದವರ ಹೆಸರು ಹೇಳದೆ ವಾಕ್ಯ ಮುಗಿಸಬಹುದು ಎಂದು ಹುಡುಗಿಯರಿಗೆ ನಾನೇ ಕಲಿಸುತ್ತೇನೆ. ಕತ್ತರಿಸಿದವಳು ನಾನು. ಹಿಂದಿನ ದಿನ ಹುರಿ ಒರೆಸುವಾಗ ತುದಿ ಸವೆದಿದೆ, ನಾಳೆ ನಿನ್ನ ಕೈಯಲ್ಲಿ ಕಿತ್ತುಹೋದೀತು ಎಂದು ಹೆದರಿದೆ. ರೇಷ್ಮೆ ಬಿಸಾಡಲು ಮನಸ್ಸಾಗದೆ ಆ ಮೂರು ಗಜದಿಂದಲೇ ನಿನ್ನ ತಾಯಿತ ಕಟ್ಟಿದೆ. ಒಂಬತ್ತು ಸುತ್ತು ಯಾಕಕ್ಕ ಎಂದು ನೀನು ನಕ್ಕಿದ್ದೆ. ಬಿಚ್ಚಿ ನೋಡು; ಒಂದು ಕೊನೆ ದಪ್ಪ, ಇನ್ನೊಂದು ಸಣ್ಣ. ಅಪ್ಪನಿಗೂ ಹೇಳಿದ್ದೇನೆ. ನೋಡಿದ ಮೇಲೆ ಮತ್ತೆ ಕಟ್ಟಿಕೊಂಡು ಬಾ. ಅವರು ಆ ತೋಳನ್ನು ಮುಟ್ಟಿ ನೋಡಬೇಕಂತೆ.